ಮನೆ ಚಕ್ರದ ಮೇಲೆ, ಇರುಳು ರೈತನ ಹೊಲದಲ್ಲಿ

ನ್ಯೂಯಾರ್ಕ್ ಎಂದೊಡನೆ ನಮ್ಮವರ ಕಣ್ಣ ಮುಂದೆ ಬರುವುದು ಮುಗಿಲು ಮುಟ್ಟುವ ಕಟ್ಟಡಗಳು. ಆದರೆ ಅದೇ ಹೆಸರಿನ ರಾಜ್ಯದ ಒಳನಾಡಿಗೆ ನಾಲ್ಕೈದು ತಾಸು ಗಾಡಿ ಓಡಿಸಿಕೊಂಡು ಹೋದರೆ ಚಿತ್ರವೇ ಬೇರೆ. ಕೈಬೆರಳುಗಳನ್ನು ಹರಡಿಟ್ಟಂತೆ ಉದ್ದಕ್ಕೆ ಚಾಚಿಕೊಂಡ 11 ಸರೋವರಗಳು. ಫಿಂಗರ್ ಲೇಕ್ಸ್ ಎಂಬ ಹೆಸರೇ ಅದರಿಂದ ಬಂದದ್ದು. ದಡದ ಇಳಿಜಾರಿನಲ್ಲಿ ಸಾಲು ಸಾಲು ದ್ರಾಕ್ಷಿ ಬಳ್ಳಿ. ಸಂಜೆ ಐದರ ಹೊತ್ತಿಗೆ ಇಂಥದೊಂದು ತೋಟದ ಗೇಟಿನೊಳಕ್ಕೆ ಬಸ್ಸಿನಷ್ಟು ದೊಡ್ಡ ಬಂಡಿಯೊಂದು ನಿಧಾನವಾಗಿ ತಿರುಗಿಕೊಳ್ಳುತ್ತದೆ. ತೋಟದಾತ ಹೊರಗೆ ಬಂದು ಉಗ್ರಾಣದ ಪಕ್ಕದ ಹುಲ್ಲುಬಯಲಿನತ್ತ ಕೈ ತೋರಿಸುತ್ತಾನೆ. ಬಂಡಿ ಅಲ್ಲಿ ನಿಲ್ಲುತ್ತದೆ. ಗಂಡ ಹೆಂಡತಿ ಇಳಿಯುತ್ತಾರೆ, ಅವರ ಹಿಂದೆಯೇ ಒಂದು ನಾಯಿ. ಬಾಡಿಗೆಯ ಮಾತಿಲ್ಲ, ರಸೀದಿಯಿಲ್ಲ. ಅಡಿಗೆ ಬಂಡಿಯೊಳಗೆ, ನಿದ್ದೆಯೂ ಬಂಡಿಯೊಳಗೆ. ಮರುದಿನ ಎಂಟಕ್ಕೆ ಹೊರಡುವಾಗ ಬಂಡಿಯಲ್ಲಿ ಎರಡು ಸೀಸೆ ಹೆಚ್ಚಾಗಿರುತ್ತವೆ, ತೋಟದಾತನ ಗಲ್ಲಾಪೆಟ್ಟಿಗೆಯಲ್ಲಿ ಮೂವತ್ತು ನಲವತ್ತು ಡಾಲರ್.

ನೋಡಿದವರಿಗೆ ಇದು ಪುಕ್ಕಟೆ ಬಿಡಾರ. ಆದರೆ ಹೀಗೆ ಬಂದು ನಿಲ್ಲುವ ಹಕ್ಕಿಗಾಗಿ ಆ ದಂಪತಿ ವರ್ಷದ ಮೊದಲಿಗೇ ಒಂದು ಸಂಸ್ಥೆಗೆ ಹಣ ಕಟ್ಟಿರುತ್ತಾರೆ. ಸಂಸ್ಥೆಯ ಹೆಸರು ಹಾರ್ವೆಸ್ಟ್ ಹೋಸ್ಟ್ಸ್. ಅದರ ಸಾದಾ ಸದಸ್ಯತ್ವದ ದರ ಈಚಿನ ವರ್ಷಗಳಲ್ಲಿ ವರ್ಷಕ್ಕೆ 99 ಡಾಲರಿನ ಆಸುಪಾಸು. ಇಷ್ಟು ಕೊಟ್ಟರೆ ಅಮೆರಿಕ, ಕೆನಡಾಗಳಲ್ಲಿ ಸಾವಿರಾರು ದ್ರಾಕ್ಷಿ ತೋಟ, ಹೊಲ, ಹೈನು, ಸೇಬಿನ ತೋಪು, ಬಿಯರ್ ತಯಾರಿಸುವ ಮನೆ, ಸಣ್ಣಪುಟ್ಟ ವಸ್ತುಸಂಗ್ರಹಾಲಯಗಳ ಅಂಗಳದಲ್ಲಿ ಒಂದೊಂದು ರಾತ್ರಿ ಕಳೆಯಬಹುದು. ಹಣ ಕಟ್ಟಬೇಕೋ ಬೇಡವೋ ಎಂಬುದು ಅಲ್ಲಿನ ಆರ್.ವಿ. ಮಂದಿ ಸೇರಿದಲ್ಲೆಲ್ಲ ಏಳುವ ಪ್ರಶ್ನೆ. ಈಚೆಗೆ ಅಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲೂ, ಅದರಲ್ಲೂ ಊರಿಂದ ಅಪ್ಪ ಅಮ್ಮ ಬಂದ ಬೇಸಿಗೆಯಲ್ಲಿ, ಈ ಮಾತು ಊಟದ ಮೇಜಿನ ಮೇಲೆ ಬರುತ್ತಿದೆ.

ಬಂಡಿಯೇ ಮನೆ

ಆರ್.ವಿ. ಎಂದರೆ ರಿಕ್ರಿಯೇಷನಲ್ ವೆಹಿಕಲ್. ವಿಹಾರದ ವಾಹನ ಎಂದು ಅನುವಾದಿಸಿದರೆ ಅರ್ಥ ಅರ್ಧಕ್ಕೇ ನಿಲ್ಲುತ್ತದೆ. ಮಂಚ, ಒಲೆ, ಶೀತಕಪಾಟು, ಸ್ನಾನದ ಮೂಲೆ, ಕಕ್ಕಸು ಎಲ್ಲವನ್ನೂ ಹೊತ್ತು ಓಡುವ ಪುಟ್ಟ ಮನೆ ಅದು. ಕೆಲವು ತಾವೇ ಓಡುತ್ತವೆ, ಕೆಲವನ್ನು ಪಿಕಪ್ ಲಾರಿಗೆ ಕೊಕ್ಕೆ ಹಾಕಿ ಎಳೆಯಬೇಕು. ಈ ಹುಚ್ಚು ಅಮೆರಿಕದವರಿಗೆ ಹೊಸದಲ್ಲ. 1910ರಲ್ಲೇ ಪಿಯರ್ಸ್ ಆರೋ ಕಂಪನಿ ಮಲಗಲು ಸೀಟು, ಕೈತೊಳೆಯಲು ಬೇಸಿನ್ ಇದ್ದ ಕಾರನ್ನು ನ್ಯೂಯಾರ್ಕಿನ ಪ್ರದರ್ಶನದಲ್ಲಿ ಇಟ್ಟಿತ್ತು. ಕಾರಿನ ದೊರೆ ಹೆನ್ರಿ ಫೋರ್ಡ್, ವಿಜ್ಞಾನಿ ಎಡಿಸನ್, ಟೈರಿನ ಫೈರ್‌ಸ್ಟೋನ್ ಮೂವರೂ ಸೇರಿ ವರ್ಷ ವರ್ಷ ಗುಡಾರ, ಅಡಿಗೆಯವರ ಸಮೇತ ಊರೂರು ಸುತ್ತುತ್ತಿದ್ದರು. 1921ರಲ್ಲಿ ಅಧ್ಯಕ್ಷ ಹಾರ್ಡಿಂಗ್ ಕೂಡ ಈ ತಂಡದ ಬಿಡಾರದಲ್ಲಿ ಬಂದು ಉಳಿದಿದ್ದರು. 1962ರಲ್ಲಿ ಸಿಯಾಟಲ್‌ನ ವಿಶ್ವಮೇಳಕ್ಕೆ ಹೊರಟವರ ಸಾಲು ಮೊಂಟಾನಾದ ಬಿಲ್ಲಿಂಗ್ಸ್ ಊರನ್ನು ದಾಟುತ್ತಿದ್ದಾಗ, ಯೆಲ್ಲೋಸ್ಟೋನ್ ನದಿಯ ದಡದಲ್ಲಿ ಅವರಿಗೆ ಜಾಗ ಮಾಡಿಕೊಟ್ಟು ಹಣ ಮಾಡಿದ ಡೇವ್ ಡ್ರಮ್ ಎಂಬಾತನಿಂದ ಕೆ.ಓ.ಎ. ಎಂಬ ದೊಡ್ಡ ಕ್ಯಾಂಪ್‌ಗ್ರೌಂಡ್ ಸರಪಳಿ ಹುಟ್ಟಿತು. ಬಂಡಿ ನಿಲ್ಲಿಸುವುದೇ ಒಂದು ವ್ಯಾಪಾರ ಎಂಬುದು ಅಂದಿನಿಂದ ಗಟ್ಟಿಯಾಯಿತು.

ಕೋವಿಡ್ ಕಾಲದಲ್ಲಿ ವಿಮಾನ, ಹೋಟೆಲುಗಳಿಗೆ ಹೆದರಿದ ಜನ ಇದಕ್ಕೆ ಮುಗಿಬಿದ್ದರು. 2021 ಒಂದೇ ವರ್ಷದಲ್ಲಿ ಕಾರ್ಖಾನೆಗಳಿಂದ ಆರು ಲಕ್ಷಕ್ಕೂ ಮೀರಿ ಬಂಡಿಗಳು ಹೊರಬಿದ್ದವು, ಅದೊಂದು ದಾಖಲೆ. 2023ರ ಹೊತ್ತಿಗೆ ಆ ಸಂಖ್ಯೆ ಸುಮಾರು 3.13 ಲಕ್ಷಕ್ಕೆ ಕುಸಿಯಿತು. ಕೊಂಡವರೇನೋ ಕೊಂಡರು, ರಾತ್ರಿ ನಿಲ್ಲಿಸುವುದೆಲ್ಲಿ ಎಂಬ ತಾಪತ್ರಯ ಆಮೇಲೆ ಶುರುವಾಯಿತು. ಒಳ್ಳೆಯ ಕ್ಯಾಂಪ್‌ಗ್ರೌಂಡುಗಳಲ್ಲಿ ಬೇಸಿಗೆಯ ವಾರಾಂತ್ಯದ ಜಾಗ ತಿಂಗಳುಗಟ್ಟಲೆ ಮೊದಲೇ ತುಂಬಿಹೋಗುತ್ತದೆ. ನೀರು, ಕರೆಂಟು, ಚರಂಡಿ ಮೂರೂ ಇರುವ ಖಾಸಗಿ ಜಾಗಕ್ಕೆ ರಾತ್ರಿಗೆ 50ರಿಂದ 100 ಡಾಲರ್ ತೆರಬೇಕಾಗುವುದು ಸಾಮಾನ್ಯ.

ಫ್ರಾನ್ಸಿನಿಂದ ಬಂದ ಬೀಜ

ಹಾರ್ವೆಸ್ಟ್ ಹೋಸ್ಟ್ಸ್‌ನ ಮೂಲ ಕಲ್ಪನೆ ಅಮೆರಿಕದ್ದಲ್ಲ. 1990ರ ದಶಕದ ಆರಂಭದಲ್ಲಿ ಫ್ರಾನ್ಸಿನಲ್ಲಿ ಫ್ರಾನ್ಸ್ ಪ್ಯಾಶನ್ ಎಂಬ ವ್ಯವಸ್ಥೆ ಶುರುವಾಗಿತ್ತು. ವರ್ಷಕ್ಕೊಮ್ಮೆ ಒಂದು ಮಾರ್ಗದರ್ಶಿ ಪುಸ್ತಕ, ಗಾಜಿಗೆ ಅಂಟಿಸಲು ಒಂದು ಚೀಟಿ ಕೊಂಡರೆ ಸಾಕು. ದ್ರಾಕ್ಷಾರಸ, ಗಿಣ್ಣು, ಜೇನು ಮಾಡುವವರ ಅಂಗಳದಲ್ಲಿ 24 ತಾಸು ಬಂಡಿ ನಿಲ್ಲಿಸಬಹುದು. ಕೊಳ್ಳಲೇಬೇಕೆಂಬ ಕಟ್ಟಳೆ ಇಲ್ಲ. ಬೆಳಿಗ್ಗೆ ಹೊರಡುವ ಮುನ್ನ ಹೋಗಿ ನಮಸ್ಕಾರ ಹೇಳಿ ಬರಬೇಕು ಅಷ್ಟೆ. ಅಲ್ಲಿ ಸುತ್ತಿ ಬಂದ ಡಾನ್ ಮತ್ತು ಕಿಮ್ ಗ್ರೀನ್ ದಂಪತಿ 2009ರ ಸುಮಾರಿಗೆ ಇದನ್ನೇ ತಮ್ಮ ನಾಡಿನಲ್ಲಿ ನೆಟ್ಟರು. 2018ರಲ್ಲಿ ಜೋಯೆಲ್ ಹಾಲೆಂಡ್ ಎಂಬ ಉದ್ಯಮಿ ಅದನ್ನು ಕೊಂಡಾಗ ಆತಿಥೇಯರು ಸುಮಾರು 600. ಮುಂದೆ ಅದು ಹಲವು ಪಟ್ಟು ಬೆಳೆಯಿತು. 2021ರಲ್ಲಿ ಬೂನ್‌ಡಾಕರ್ಸ್ ವೆಲ್‌ಕಮ್ ಎಂಬ ಇನ್ನೊಂದು ಬಳಗವೂ ಇದರ ತೆಕ್ಕೆಗೆ ಬಂತು. ಅದರಲ್ಲಿ ಜಾಗ ಕೊಡುವವರು ರೈತರಲ್ಲ, ಸಾಮಾನ್ಯ ಮನೆಯವರು, ಬಹುಪಾಲು ತಾವೇ ಆರ್.ವಿ. ಇಟ್ಟುಕೊಂಡವರು. ಎರಡನ್ನೂ ಸೇರಿಸಿ ಕೊಂಡರೆ ಶುಲ್ಕ ಹೆಚ್ಚು. ಗಾಲ್ಫ್ ಮೈದಾನಗಳನ್ನು ಸೇರಿಸಿದರೆ ಇನ್ನೂ ಹೆಚ್ಚು.

ಕರಾರುಗಳು ಕಟ್ಟುನಿಟ್ಟು. ಬಂಡಿಯಲ್ಲೇ ಕಕ್ಕಸು, ನೀರಿನ ತೊಟ್ಟಿ, ಕೊಳೆನೀರಿನ ತೊಟ್ಟಿ, ಒಳಗೇ ಅಡಿಗೆಯ ಅನುಕೂಲ ಇರಬೇಕು. ಗುಡಾರದವರಿಗೆ ಪ್ರವೇಶವಿಲ್ಲ. ಮೊದಲೇ ಕೇಳಿ ಒಪ್ಪಿಗೆ ಪಡೆಯಬೇಕು, ಅಂಗಡಿ ಮುಚ್ಚುವ ಮುನ್ನ ತಲುಪಬೇಕು, ಆತಿಥೇಯ ತಾನಾಗಿ ಇರಿ ಎನ್ನದ ಹೊರತು ಮರುದಿನ ಜಾಗ ಬಿಡಬೇಕು. ಇನ್ನೊಂದು ಮಾತು ಕರಾರಿನಷ್ಟೇ ಗಟ್ಟಿಯಾಗಿ ಹೇಳಲಾಗುತ್ತದೆ: ಕನಿಷ್ಠ 30 ಡಾಲರಿನ ಸರಕನ್ನಾದರೂ ಕೊಳ್ಳಿ.

“ಅವರೇನೂ ಅನ್ನಲ್ವೇನೋ?”

ನ್ಯೂಜೆರ್ಸಿಯಲ್ಲಿರುವ ಮಗನ ಮನೆಗೆ ಜಯನಗರದಿಂದ ಅಪ್ಪ ಅಮ್ಮ ಬಂದಿದ್ದಾರೆ ಎಂದಿಟ್ಟುಕೊಳ್ಳಿ. ನಯಾಗರ ನೋಡುವ ಆಸೆ. ಹೋಟೆಲಿನಲ್ಲಿ ಅಮ್ಮನಿಗೆ ಊಟ ಸೇರದು, ಅಪ್ಪನಿಗೆ ರಾತ್ರಿ ಎರಡು ಸಲ ಏಳಬೇಕು. ಆರ್.ವಿ. ಬಾಡಿಗೆಗೆ ಹಿಡಿದರೆ ಅನ್ನ ಸಾರೂ ಆಯಿತು, ಮಿಕ್ಕ ಅನುಕೂಲವೂ ಕೈಯಳತೆಯಲ್ಲೇ ಇರುತ್ತದೆ ಎಂದು ಮಗ ಯೋಚಿಸಿದ್ದಾನೆ. ದಾರಿಯಲ್ಲಿ ಒಂದು ರಾತ್ರಿ ಹೊಲದಲ್ಲಿ ಉಳಿಯೋಣ ಎಂದೊಡನೆ ಅಮ್ಮನಿಂದ ಬರುವ ಮೊದಲ ಪ್ರಶ್ನೆ ಏನೆಂದು ಯಾರು ಬೇಕಾದರೂ ಊಹಿಸಬಹುದು.

“ಯಾರದ್ದೋ ಹೊಲದಲ್ಲಿ ಗಾಡಿ ನಿಲ್ಲಿಸ್ಕೊಂಡು ಮಲಗೋದಾ? ಅವರೇನೂ ಅನ್ನಲ್ವೇನೋ?”

“ಇಲ್ಲಮ್ಮ, ವರ್ಷಕ್ಕೆ ನೂರು ಡಾಲರ್ ಕಟ್ಟಿರ್ತೀವಲ್ಲ.”

“ಅವರಿಗಾ?”

“ಅವರಿಗಲ್ಲಮ್ಮ. ಕಂಪನಿಗೆ.”

“ಕಂಪನಿಗೆ ದುಡ್ಡು ಕೊಟ್ಟು ಇವರ ಹೊಲದಲ್ಲಿ ಮಲಗೋದಾ!”

ಅಮ್ಮನ ಬೆರಗಿನಲ್ಲಿ ಹುರುಳಿದೆ. ನಮ್ಮ ಹಳ್ಳಿಯ ಮನೆಗಳ ಜಗಲಿಯನ್ನು ಕಟ್ಟಿಸಿದ್ದೇ ಅರ್ಧ ದಾರಿಹೋಕರಿಗಾಗಿ. ಜಾತ್ರೆಗೆ ಹೊರಟವನು, ಹೋರಿ ಮಾರಲು ಹೋಗುತ್ತಿದ್ದವನು ಕತ್ತಲಾದಲ್ಲಿ ಯಾರದೋ ಜಗಲಿಗೆ ಬಂದು ಕಂಬಳಿ ಹಾಸುತ್ತಿದ್ದ. ಮನೆಯವರು ಒಂದು ಚೊಂಬು ನೀರು, ಸಾಧ್ಯವಾದರೆ ಒಂದು ತುತ್ತು ಕೊಡುತ್ತಿದ್ದರು. ಎತ್ತಿನ ಗಾಡಿ ಕಟ್ಟಿಕೊಂಡು ಬಂದವರಿಗೆ ಕಣದ ಮೂಲೆ. ಅಲ್ಲಿ ಚಂದಾ ಇರಲಿಲ್ಲ, ನಡುವೆ ದಲ್ಲಾಳಿಯೂ ಇರಲಿಲ್ಲ. ಆದರೆ ಅಪರಿಚಿತನ ಕೈಯಲ್ಲಿ ಬಂದೂಕಿರಬಹುದಾದ, ಯಾರಾದರೂ ಜಾರಿ ಬಿದ್ದರೆ ಜಾಗದ ಒಡೆಯನ ಮೇಲೆ ದಾವೆ ಹೂಡಬಹುದಾದ ದೇಶದಲ್ಲಿ ಜಗಲಿಯ ಸಂಬಂಧಕ್ಕೂ ಒಬ್ಬ ಜಾಮೀನುದಾರ ಬೇಕು. ಆ 99 ಡಾಲರಿನಲ್ಲಿ ಬಹುಭಾಗ ಜಾಗದ ಬೆಲೆಯಲ್ಲ, ಪರಿಚಯದ ಬೆಲೆ. ಇದನ್ನು ಒಪ್ಪಿಕೊಂಡರೆ ಮುಂದಿನ ಲೆಕ್ಕ ಸಲೀಸು.

ಪೆನ್ನು ಹಿಡಿದು ಕೂತರೆ

ಸಂಸ್ಥೆಯ ಜಾಹೀರಾತು ನಂಬುವವರು ಲೆಕ್ಕ ಹಾಕುವುದು ಹೀಗೆ: ಕ್ಯಾಂಪ್‌ಗ್ರೌಂಡಿನಲ್ಲಿ ರಾತ್ರಿಗೆ 60 ಡಾಲರ್, ಎರಡು ರಾತ್ರಿ ಪುಕ್ಕಟೆ ಮಲಗಿದರೆ 120, ಕಟ್ಟಿದ್ದು 99, ಲಾಭ ಶುರು. ಕೇಳಲು ಸೊಗಸು. ಆದರೆ ಆ 30 ಡಾಲರಿನ ಖರೀದಿ ಎಲ್ಲಿ ಹೋಯಿತು?

ಅದನ್ನೂ ಖರ್ಚೆಂದು ಹಿಡಿದು ನೋಡಿ. ವರ್ಷದಲ್ಲಿ ಎರಡೇ ರಾತ್ರಿ ಬಳಸಿದರೆ 99ಕ್ಕೆ 60 ಕೂಡಿ 159. ರಾತ್ರಿಯೊಂದಕ್ಕೆ 79 ಡಾಲರ್ 50 ಸೆಂಟ್. ನೀರಿಲ್ಲದ, ಕರೆಂಟಿಲ್ಲದ ಹುಲ್ಲುಬಯಲಿಗೆ ಇದು ದುಬಾರಿಯೇ. ಐದು ರಾತ್ರಿಯಾದರೆ 50ರ ಹತ್ತಿರ, ಹತ್ತಾದರೆ 40ರ ಹತ್ತಿರ, ಇಪ್ಪತ್ತಾದರೆ 35ರ ಹತ್ತಿರ. ಎಷ್ಟು ಬಳಸಿದರೂ 30ಕ್ಕಿಂತ ಕೆಳಗೆ ಇಳಿಯುವುದಿಲ್ಲ. 60 ಡಾಲರಿನ ಖಾಸಗಿ ಕ್ಯಾಂಪ್‌ಗ್ರೌಂಡಿಗೆ ಹೋಲಿಸಿದರೆ ನಾಲ್ಕನೆಯ ರಾತ್ರಿಗೆ ಅಸಲು ಕೈಸೇರುತ್ತದೆ. ರಾಜ್ಯ ಸರ್ಕಾರದ ಉದ್ಯಾನದಲ್ಲಿ 35 ಡಾಲರಿಗೆ ಜಾಗ ಸಿಗುವಂತಿದ್ದರೆ ಅಸಲು ಕಾಣಲು ಇಪ್ಪತ್ತು ರಾತ್ರಿ ಬೇಕು.

ಇನ್ನೊಂದು ರೀತಿಯಲ್ಲಿ ನೋಡುವವರೂ ಇದ್ದಾರೆ. ಹೇಗೂ ತರಕಾರಿ, ಹಣ್ಣು, ಮೊಟ್ಟೆ, ಜೇನು ಕೊಳ್ಳಲೇಬೇಕು. ಪಟ್ಟಣದ ಅಂಗಡಿಯಲ್ಲಿ ಕೊಳ್ಳುವುದನ್ನೇ ಬೆಳೆದವನ ಕೈಯಿಂದ ಕೊಂಡರೆ ಅದು ಹೆಚ್ಚುವರಿ ಖರ್ಚು ಹೇಗಾದೀತು? ಅವರ ಲೆಕ್ಕದಲ್ಲಿ ಹತ್ತು ರಾತ್ರಿಗೆ ರಾತ್ರಿಯೊಂದಕ್ಕೆ ಹತ್ತು ಡಾಲರೂ ಬೀಳದು. ಇಡೀ ಸದಸ್ಯತ್ವದ ಲಾಭ ನಷ್ಟ ನಿಂತಿರುವುದು ಈ ಒಂದು ಪ್ರಶ್ನೆಯ ಮೇಲೆ: ಕೊಂಡದ್ದು ಮನೆಗೆ ಬೇಕಾದದ್ದೋ, ಮುಲಾಜಿಗೆ ಕೊಂಡದ್ದೋ? ದ್ರಾಕ್ಷಾರಸದ ರುಚಿ ಬಲ್ಲವರಿಗೆ ಇದು ಸಮಸ್ಯೆಯೇ ಅಲ್ಲ. ಆದರೆ ಪಟ್ಟಿಯಲ್ಲಿ ದೊಡ್ಡ ಪಾಲು ವೈನು, ಬಿಯರು, ಮದ್ಯ ತಯಾರಿಸುವ ಜಾಗಗಳದ್ದು. ಮುಟ್ಟದವರ ಮನೆಯಲ್ಲಿ ಪಟ್ಟಿ ಅಲ್ಲಿಗೇ ತೆಳ್ಳಗಾಗುತ್ತದೆ. ಮಾಂಸ ಮಾರುವ ಸಾಕಣೆ ಕೇಂದ್ರಗಳನ್ನೂ ಬಿಟ್ಟರೆ ಸಸ್ಯಾಹಾರಿ ಸಂಸಾರಕ್ಕೆ ಉಳಿಯುವುದು ಸೇಬು, ಜೇನು, ಗಿಣ್ಣು, ಮೇಪಲ್ ಮರದ ಪಾಕ, ಲ್ಯಾವೆಂಡರ್ ತೋಟ, ವಸ್ತುಸಂಗ್ರಹಾಲಯ. ಅವೂ ಕಡಿಮೆಯೇನಲ್ಲ. ಆದರೂ ಹಣ ಕಟ್ಟುವ ಮುನ್ನ ತಾವು ಹೋಗುವ ದಾರಿಯಲ್ಲಿ ಅಂಥವು ಎಷ್ಟಿವೆ ಎಂದು ನಕಾಶೆಯ ಮೇಲೆ ಎಣಿಸಿ ನೋಡುವುದು ಜಾಣತನ.

ದಾರಿ ಎಂದಾಗ ಇನ್ನೊಂದು ಖರ್ಚು ನೆನಪಾಗಬೇಕು. ಹೊಲಗಳು ಹೆದ್ದಾರಿಯ ಪಕ್ಕದಲ್ಲಿ ಇರುವುದಿಲ್ಲ. ಒಳಕ್ಕೆ ಇಪ್ಪತ್ತು ಮೈಲಿ, ಹೊರಕ್ಕೆ ಇಪ್ಪತ್ತು ಮೈಲಿ. ದೊಡ್ಡ ಪೆಟ್ರೋಲ್ ಬಂಡಿ ಗ್ಯಾಲನ್ನಿಗೆ ಎಂಟು ಮೈಲಿ ಓಡಿದರೆ ಹೆಚ್ಚು. ಐದು ಗ್ಯಾಲನ್ ಆಯಿತು. ಗ್ಯಾಲನ್ನಿಗೆ ಮೂರೂವರೆ ಡಾಲರ್ ಹಿಡಿದರೂ ಹದಿನೇಳೂವರೆ. “ಪುಕ್ಕಟೆ” ರಾತ್ರಿಗೆ ಇದನ್ನೂ ಸೇರಿಸಿದರೆ ಮೂಗಿಗಿಂತ ಮೂಗುತಿ ಭಾರ ಎನಿಸುವುದುಂಟು.

ಒಂದೂವರೆ ನೂರು ಲೀಟರಿನ ಸಂಸಾರ

ಹಣದ ಮಾತು ಮುಗಿದರೂ ನೀರಿನ ಮಾತು ಮುಗಿಯುವುದಿಲ್ಲ. ಸಾಧಾರಣ ಬಂಡಿಯ ಸಿಹಿನೀರಿನ ತೊಟ್ಟಿ 40 ಗ್ಯಾಲನ್ ಎಂದರೆ ಸುಮಾರು 150 ಲೀಟರ್. ಷವರಿನಡಿ ನಿಂತು ಹಾಡು ಹೇಳುವವರಿಗೆ ಇದು ಒಂದು ದಿನಕ್ಕೂ ಸಾಲದು. ಅರ್ಧ ಬಕೆಟ್ ನೀರಿನಲ್ಲಿ ಸ್ನಾನ ಮುಗಿಸುವ, ಟ್ಯಾಂಕರು ಕಾದು ಬೆಳೆದ ಬೆಂಗಳೂರಿನ ಹಿರಿಯರು ಈ ಪರೀಕ್ಷೆಯಲ್ಲಿ ಮೊಮ್ಮಕ್ಕಳಿಗಿಂತ ಹೆಚ್ಚು ಅಂಕ ಪಡೆಯುತ್ತಾರೆ. ಪಾತ್ರೆ ತೊಳೆದ, ಮೈ ತೊಳೆದ ನೀರಿನ ತೊಟ್ಟಿ ಸಾಮಾನ್ಯವಾಗಿ ಮೊದಲು ತುಂಬುತ್ತದೆ. ಕಕ್ಕಸಿನದು ಬೇರೆ ತೊಟ್ಟಿ. ಎರಡನ್ನೂ ಹೊಲದಲ್ಲಿ ಚೆಲ್ಲುವಂತಿಲ್ಲ. ಖಾಲಿ ಮಾಡಲು ಅದಕ್ಕೆಂದೇ ಇರುವ ಜಾಗಕ್ಕೆ ಹೋಗಬೇಕು. ಲಾರಿ ನಿಲ್ದಾಣಗಳಲ್ಲಿ ಅದಕ್ಕೆ ಹತ್ತರಿಂದ ಇಪ್ಪತ್ತು ಡಾಲರ್. ಕ್ಯಾಂಪ್‌ಗ್ರೌಂಡಿನ ಬಾಡಿಗೆಯಲ್ಲಿ ಇದು ಸೇರಿರುತ್ತದೆ, ಹೊಲದ ವಾಸದಲ್ಲಿ ಇಲ್ಲ. ಹಾಗಾಗಿ ಅನುಭವಸ್ಥರು ಎರಡು ರಾತ್ರಿ ಹೊಲ, ಮೂರನೆಯ ರಾತ್ರಿ ಕ್ಯಾಂಪ್‌ಗ್ರೌಂಡ್ ಎಂಬ ಹದಕ್ಕೆ ಬಂದಿರುತ್ತಾರೆ. ಹೊಲದ ಸದಸ್ಯತ್ವ ಕ್ಯಾಂಪ್‌ಗ್ರೌಂಡಿನ ಖರ್ಚನ್ನು ಕಡಿಮೆ ಮಾಡುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ.

ಕರೆಂಟಿನದೂ ಅದೇ ಕತೆ. ದೀಪ, ನೀರಿನ ಪಂಪು ಬ್ಯಾಟರಿಯಲ್ಲಿ ನಡೆಯುತ್ತವೆ. ಏರ್ ಕಂಡೀಷನರ್‌ಗೆ ಜನರೇಟರ್ ಬೇಕು. ತೋಟದ ಮೌನದ ನಡುವೆ ರಾತ್ರಿಯೆಲ್ಲ ಅದು ಗುಡುಗುಟ್ಟುವುದನ್ನು ಯಾವ ಆತಿಥೇಯನೂ ಸಹಿಸಲಾರ. ಜುಲೈ ತಿಂಗಳಲ್ಲಿ ಟೆಕ್ಸಾಸಿನ ಹೊಲವೊಂದರಲ್ಲಿ, ತಗಡಿನ ಪೆಟ್ಟಿಗೆಯೊಳಗೆ, ಎಪ್ಪತ್ತು ದಾಟಿದ ತಂದೆಯನ್ನು ಮಲಗಿಸುವ ಮುನ್ನ ಮಗನಾದವನು ಎರಡು ಸಲ ಯೋಚಿಸಬೇಕು. ಅಕ್ಟೋಬರಿನ ತಂಪಿನಲ್ಲಾದರೆ ಅದೇ ರಾತ್ರಿ ಸ್ವರ್ಗ. ಅಂದ ಹಾಗೆ, ಒಗ್ಗರಣೆ ಹಾಕುವವರು ಮೊದಲು ಮೇಲಿನ ಗಾಳಿಕಿಂಡಿ ತೆರೆಯಬೇಕು. ಇಲ್ಲದಿದ್ದರೆ ಇಂಗಿನ ಹೊಗೆಗೆ ಬೆಂಕಿಯ ಎಚ್ಚರಿಕೆ ಗಂಟೆ ಕಿರುಚಿಕೊಂಡು ಪಕ್ಕದ ಬಂಡಿಯವರೂ ಎದ್ದು ಬರುತ್ತಾರೆ.

ಪೂರ್ವಕ್ಕೊಂದು ನ್ಯಾಯ, ಪಶ್ಚಿಮಕ್ಕೊಂದು ನ್ಯಾಯ

ಇದರ ಉಪಯೋಗ ಬಂಡಿ ಯಾವ ದಿಕ್ಕಿಗೆ ಹೊರಟಿದೆ ಎಂಬುದರ ಮೇಲೂ ನಿಂತಿದೆ. ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ನೆಲದ ದೊಡ್ಡ ಒಡೆಯ ಕೇಂದ್ರ ಸರ್ಕಾರವೇ. ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಎಂಬ ಇಲಾಖೆಯ ಕೈಯಲ್ಲಿ ಸುಮಾರು 24.5 ಕೋಟಿ ಎಕರೆ ಇದೆ. ನೆವಾಡಾ ರಾಜ್ಯದಲ್ಲಂತೂ ನೂರಕ್ಕೆ 80ರಷ್ಟು ನೆಲ ಕೇಂದ್ರದ್ದು. ಈ ಇಲಾಖೆಯ ಬಯಲಿನಲ್ಲಿ ಬಹಳ ಕಡೆ ಹದಿನಾಲ್ಕು ದಿನ ಕಾಸಿಲ್ಲದೆ ಬಿಡಾರ ಹೂಡಬಹುದು. ಅರಿಜೋನಾದ ಕ್ವಾರ್ಟ್ಸ್‌ಸೈಟ್ ಬಳಿ ಚಳಿಗಾಲದಲ್ಲಿ ಸಾವಿರಾರು ಬಂಡಿಗಳ ಊರೇ ಎದ್ದು ನಿಲ್ಲುತ್ತದೆ. ಅಲ್ಲಿನ ಸರ್ಕಾರಿ ಬಯಲಿನಲ್ಲಿ ಸೆಪ್ಟೆಂಬರ್ ನಡುವಿನಿಂದ ಏಪ್ರಿಲ್ ನಡುವಿನವರೆಗೆ, ಏಳು ತಿಂಗಳು ಇರಲು ಬಹುಕಾಲದವರೆಗೆ ಇದ್ದ ಶುಲ್ಕ ಕೇವಲ 180 ಡಾಲರ್. ಯೂಟಾ, ಅರಿಜೋನಾ ಸುತ್ತುವವರಿಗೆ ಇಷ್ಟು ಬಯಲು ಬಿದ್ದಿರುವಾಗ ಹೊಲದ ಸದಸ್ಯತ್ವ ಏತಕ್ಕೆ?

ಪೂರ್ವದಲ್ಲಿ ಇಂಥ ಸರ್ಕಾರಿ ಬಯಲು ಅಪರೂಪ. ನ್ಯೂಯಾರ್ಕ್, ಪೆನ್ಸಿಲ್ವೇನಿಯ, ಒಹಾಯೋ, ವರ್ಜೀನಿಯಗಳಲ್ಲಿ ನೆಲವೆಲ್ಲ ಬಹುಮಟ್ಟಿಗೆ ಯಾರದೋ ಒಬ್ಬರದು. ಅಲ್ಲಿ ರೈತನ ಒಪ್ಪಿಗೆಗೆ ಬೆಲೆಯಿದೆ. ನಮ್ಮವರು ಹೆಚ್ಚಾಗಿ ನೆಲೆಸಿರುವ ನ್ಯೂಜೆರ್ಸಿಯಿಂದ ಹೊರಡುವವರಿಗೆ ಇದು ಗಮನಿಸಬೇಕಾದ ಸಂಗತಿ.

ಎಲ್ಲೂ ಜಾಗ ಸಿಗದವರಿಗೆ ವಾಲ್‌ಮಾರ್ಟ್ ಉಂಟು. ಈ ದೈತ್ಯ ಅಂಗಡಿಯ ವಾಹನ ನಿಲ್ದಾಣದಲ್ಲಿ ರಾತ್ರಿ ಕಳೆಯಲು ಬಿಡುವುದು ಹಳೆಯ ರೂಢಿ. ಸ್ಥಳೀಯ ಮ್ಯಾನೇಜರನ ಒಪ್ಪಿಗೆ ಬೇಕು. ಕೆಲವು ಊರುಗಳ ಕಾನೂನು ಬಿಡುವುದೂ ಇಲ್ಲ. ಶುಲ್ಕವಿಲ್ಲ. ದೀಪಗಳ ಝಗಝಗ, ಲಾರಿಗಳ ಗುರುಗುಟ್ಟು ಸಹಿಸಬೇಕು. ಆದರೆ ಆ ಅಂಗಡಿಯೊಳಕ್ಕೆ ಹೋದವರಾರೂ ಬರಿಗೈಲಿ ಹೊರಗೆ ಬರುವುದಿಲ್ಲ ಎಂಬುದು ಮ್ಯಾನೇಜರನಿಗೆ ಚೆನ್ನಾಗಿ ಗೊತ್ತು.

ಹನುಮಂತನ ಬಾಲ

ಒಂದೇ ಸದಸ್ಯತ್ವವಾದರೆ ಸರಿ. ಆದರೆ ಆರ್.ವಿ. ಕೊಂಡವನ ಸುತ್ತ ಸದಸ್ಯತ್ವಗಳು ಹನುಮಂತನ ಬಾಲದಂತೆ ಬೆಳೆಯುತ್ತವೆ. ಅರ್ಧ ದರಕ್ಕೆ ಜಾಗ ಕೊಡಿಸುವ ಪಾಸ್‌ಪೋರ್ಟ್ ಅಮೆರಿಕ 1992ರಿಂದ ಇದೆ. ಆದರೆ ವಾರಾಂತ್ಯ, ಹಬ್ಬದ ದಿನಗಳಲ್ಲಿ ಬಹಳ ಕಡೆ ಆ ರಿಯಾಯಿತಿ ನಡೆಯುವುದಿಲ್ಲ. ಥೌಸಂಡ್ ಟ್ರೇಲ್ಸ್ ಎಂಬುದು 1969ರಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ ಹುಟ್ಟಿದ್ದು. ನೂರಾರು ಡಾಲರ್ ಕಟ್ಟಿದರೆ ಒಂದು ವಲಯದ ಅವರದೇ ಕ್ಯಾಂಪ್‌ಗ್ರೌಂಡುಗಳಲ್ಲಿ ವಾರಗಟ್ಟಲೆ ಇರಬಹುದು. ಬಂಡಿಯನ್ನೇ ಕಾಯಂ ಮನೆ ಮಾಡಿಕೊಂಡವರಿಗೆ ಅದು ಹೊಂದುತ್ತದೆ. 1978ರಲ್ಲಿ ಜೋ ಮತ್ತು ಕೇ ಪೀಟರ್‌ಸನ್ ದಂಪತಿ ಕಟ್ಟಿದ ಎಸ್ಕೇಪೀಸ್ ಬಳಗದ್ದು ಇನ್ನೊಂದು ದಾರಿ. ಚಕ್ರದ ಮೇಲಿನ ಮನೆಗೆ ಬಾಗಿಲ ಸಂಖ್ಯೆ ಎಲ್ಲಿಂದ ಬರಬೇಕು? ಕಾಗದ ಪತ್ರ, ವಾಹನ ಪರವಾನಗಿ, ಮತದಾನ ಎಲ್ಲಕ್ಕೂ ವಿಳಾಸ ಬೇಕು. ಟೆಕ್ಸಾಸಿನ ಲಿವಿಂಗ್‌ಸ್ಟನ್ ಎಂಬ ಸಣ್ಣ ಊರಿನಲ್ಲಿ ಆ ಬಳಗ ಒದಗಿಸಿದ ವಿಳಾಸವನ್ನೇ ಸಾವಿರಾರು ಮಂದಿ ತಮ್ಮ ಊರೆಂದು ಬರೆಸಿಕೊಂಡರು. ಓಡಾಡಲಾರದಷ್ಟು ವಯಸ್ಸಾದ ಸದಸ್ಯರು ತಮ್ಮ ಬಂಡಿಯಲ್ಲೇ ಇದ್ದುಕೊಂಡು ಆರೈಕೆ ಪಡೆಯುವ ಕೇಂದ್ರವನ್ನೂ ಅದು ಅಲ್ಲಿ ತೆರೆಯಿತು. ಒಂದು ರಾತ್ರಿಯ ಬಿಡಾರದ ಲೆಕ್ಕದಲ್ಲಿ ಮುಳುಗಿದವರು ನೆನಪಿಡಬೇಕಾದ ಮಾತಿದು: ಅಲ್ಲಿ ಎಲ್ಲರೂ ಮೋಜಿಗೆಂದೇ ತಿರುಗುವವರಲ್ಲ. ಬಾಡಿಗೆ ಕಟ್ಟಲಾಗದೆ, ಸಾಲದ ಮನೆ ಕೈಬಿಟ್ಟು ಬಂಡಿ ಹತ್ತಿದವರೂ ಇದ್ದಾರೆ. 2020ರ ‘ನೋಮ್ಯಾಡ್‌ಲ್ಯಾಂಡ್’ ಚಿತ್ರ ತೋರಿಸಿದ್ದು ಅವರ ಬದುಕನ್ನೇ. ಅವರಿಗೆ 99 ಡಾಲರ್ ಎಂದರೆ ವಾರದ ದಿನಸಿ. ರಾತ್ರಿ ರಾತ್ರಿ 30 ಡಾಲರಿನ ಗಿಣ್ಣು, ಜೇನು ಕೊಳ್ಳುವುದಂತೂ ದೂರದ ಮಾತು. ಈ ಸದಸ್ಯತ್ವ ಅವರಿಗಾಗಿ ಮಾಡಿದ್ದಲ್ಲ. ಕೊಂಡರೂ ತೋಟದಾತನ ಮುಂದೆ ಮುಜುಗರದಿಂದ ನಿಲ್ಲಬೇಕಾಗುತ್ತದೆ.

ಅರವತ್ತೆರಡು ದಾಟಿದ ಅಲ್ಲಿನ ನಾಗರಿಕರಿಗೆ, ಕಾಯಂ ನಿವಾಸಿಗಳಿಗೆ ಇದಕ್ಕಿಂತ ಅಗ್ಗದ ಸೌಲಭ್ಯವೊಂದಿದೆ. ಒಮ್ಮೆ 80 ಡಾಲರ್ ಕಟ್ಟಿದರೆ ಬದುಕಿರುವವರೆಗೆ ರಾಷ್ಟ್ರೀಯ ಉದ್ಯಾನಗಳಿಗೆ ಪ್ರವೇಶ. ಕೇಂದ್ರದ ಬಹುಪಾಲು ಕ್ಯಾಂಪ್‌ಗ್ರೌಂಡುಗಳಲ್ಲಿ ಅರ್ಧ ಬಾಡಿಗೆ. ಗ್ರೀನ್ ಕಾರ್ಡ್ ಪಡೆದು ಮಕ್ಕಳೊಂದಿಗೆ ನೆಲೆಸಿರುವ ಹಿರಿಯ ಕನ್ನಡಿಗರಿಗೂ ಇದು ಸಲ್ಲುತ್ತದೆ. ಪ್ರವಾಸಿ ವೀಸಾದಲ್ಲಿ ಆರು ತಿಂಗಳಿಗೆ ಬಂದವರಿಗೆ ಸಲ್ಲುವುದಿಲ್ಲ.

ಹೊಲದ ಒಡೆಯನಿಗೇನು?

ಅಮ್ಮ ಕೇಳಿದ ಪ್ರಶ್ನೆಯ ಇನ್ನೊಂದು ಮುಖ ಇದು. ಸದಸ್ಯರು ಕಟ್ಟುವ 99 ಡಾಲರಿನಲ್ಲಿ ರೈತನಿಗೆ ಪಾಲಿಲ್ಲ. ಪಟ್ಟಿಗೆ ಸೇರಲು ಅವನೇನೂ ಕೊಡಬೇಕಾಗಿಲ್ಲ, ಅವನಿಗೆ ಯಾರೂ ಏನೂ ಕೊಡುವುದೂ ಇಲ್ಲ. ಬಂದವರು ಕೊಂಡದ್ದೇ ಅವನ ಗಳಿಕೆ. ಸಣ್ಣ ಹಿಡುವಳಿಯ ಅಮೆರಿಕನ್ ರೈತನಿಗೂ ಬರೀ ಬೆಳೆ ನೆಚ್ಚಿ ಬದುಕುವುದು ಕಷ್ಟವಾಗಿದೆ. ಹೊಲ ನೋಡಲು ಬರುವವರಿಂದ ಗಳಿಸುವ ಹಾದಿಯನ್ನು ಬಹಳ ಮಂದಿ ಹಿಡಿದಿದ್ದಾರೆ. ಅಲ್ಲಿನ ಕೃಷಿ ಗಣತಿಯ ಪ್ರಕಾರ 2012ರಲ್ಲಿ 70.4 ಕೋಟಿ ಡಾಲರ್ ಇದ್ದ ಈ ಬಾಬಿನ ಆದಾಯ 2017ರಲ್ಲಿ 94.9 ಕೋಟಿಗೆ ಏರಿತ್ತು. ಹೆದ್ದಾರಿಯಿಂದ ಇಪ್ಪತ್ತು ಮೈಲಿ ಒಳಗಿರುವ ಸೇಬಿನ ತೋಪಿಗೆ ವಾರದ ನಡುವೆ, ಮಂಗಳವಾರ ಸಂಜೆ, ಗಿರಾಕಿ ಬರುವುದೇ ಅಪರೂಪ. ಆಗ ತಾನಾಗಿ ಅಂಗಳಕ್ಕೆ ಬಂದು, ಬೆಳಗಿನವರೆಗೆ ಹೊರಡದೆ ಕೂರುವ ಗಿರಾಕಿ ಎಂದರೆ ಅವನಿಗೂ ಬೇಕಾದವನೇ.

ಹಾಗಾಗಿ ಒಂದು ಪೊಟ್ಟಣ ಚಾಕೊಲೇಟ್ ಕೊಂಡು ಹನ್ನೆರಡು ತಾಸು ಜಾಗ ಹಿಡಿಯುವವರು, ಬರುತ್ತೇವೆಂದು ಹೇಳಿ ಬಾರದೆ ಇರುವವರು, ಮಳೆ ಬಂದ ಮರುದಿನ ನಲವತ್ತಡಿಯ ಬಂಡಿಯನ್ನು ಹಸಿ ಹುಲ್ಲಿನ ಮೇಲೆ ಹತ್ತಿಸಿ ಗಾಲಿಯ ಹಳ್ಳ ಬಿಟ್ಟು ಹೋಗುವವರು ಸಂಸ್ಥೆಗೆ ನಷ್ಟ ಮಾಡುವುದಿಲ್ಲ, ರೈತನಿಗೆ ಮಾಡುತ್ತಾರೆ. ಅವನು ಒಂದು ದಿನ ಪಟ್ಟಿಯಿಂದ ಹೆಸರು ತೆಗೆಸುತ್ತಾನೆ. ಕೆಲವು ಕೌಂಟಿಗಳಲ್ಲಿ ಇನ್ನೊಂದು ತೊಡಕು: ಹೊಲದಲ್ಲಿ ಬಂಡಿ ನಿಲ್ಲಿಸಿ ಮಲಗಿಸುವುದೂ ಕ್ಯಾಂಪ್‌ಗ್ರೌಂಡ್ ನಡೆಸಿದಂತೆಯೇ ಎಂದು ಅಧಿಕಾರಿಗಳು ಪರವಾನಗಿ ಕೇಳುತ್ತಾರೆ. ಎರಡು ಸೀಸೆ ಮಾರಾಟಕ್ಕೆ ಅಷ್ಟು ತಲೆನೋವು ಯಾರಿಗೆ ಬೇಕು?

ಕಟ್ಟಬೇಕೆ, ಬೇಡವೆ?

ಹತ್ತು ದಿನಕ್ಕೆ ಬಂಡಿ ಬಾಡಿಗೆಗೆ ಹಿಡಿದ ನ್ಯೂಜೆರ್ಸಿಯ ಸಂಸಾರಕ್ಕೆ ಬೇಡ. ಅವರಿಗೆ ಸಿಗುವುದು ಹೆಚ್ಚೆಂದರೆ ಎರಡು ಮೂರು ರಾತ್ರಿ. ಬಾಡಿಗೆ ಬಂಡಿಯಲ್ಲಿ ಜನರೇಟರ್ ಓಡಿಸಿದ ತಾಸಿಗೂ ಹಣ ಕೊಡಬೇಕಾಗುವುದುಂಟು. ಹಿಂದಿರುಗಿಸುವಾಗ ತೊಟ್ಟಿಗಳು ಖಾಲಿ ಇರಬೇಕು. ರಾಜ್ಯದ ಉದ್ಯಾನವೇ ಅವರಿಗೆ ಅನುಕೂಲ. ಅಪ್ಪನಿಗೆ ನಡೆದಾಡಲು ಹಾದಿಯಿರುತ್ತದೆ, ಮಕ್ಕಳಿಗೆ ಆಟದ ಬಯಲು.

ಸ್ವಂತ ಬಂಡಿಯಿದ್ದು, ಪೂರ್ವದ ರಾಜ್ಯಗಳಲ್ಲಿ ವರ್ಷಕ್ಕೆ ತಿಂಗಳಾದರೂ ಓಡಾಡುವ, ನಿವೃತ್ತಿಯ ಬಿಡುವುಳ್ಳ, ಊರಿಂದೂರಿಗೆ ಒಂದೊಂದೇ ರಾತ್ರಿ ತಂಗುತ್ತ ಸಾಗುವ ದಂಪತಿಗೆ ಇದು ಒಳ್ಳೆಯ ವ್ಯವಹಾರ. ಒಂದೇ ಕಡೆ ವಾರವಿಡೀ ಬೇರು ಬಿಡುವ ಸ್ವಭಾವದವರಿಗೆ ಅಲ್ಲ. ವೈನು ಕುಡಿಯದವರು ಲೆಕ್ಕವನ್ನು ಅರ್ಧಕ್ಕೆ ಇಳಿಸಿಕೊಂಡು ನೋಡಬೇಕು. ಮನೆಯಿಂದ ಕರೆಂಟು ಕೊಡುವವರೂ ಇರುವ, ಎರಡು ಮೂರು ರಾತ್ರಿ ಇರಗೊಡುವ ಬೂನ್‌ಡಾಕರ್ಸ್ ಪಟ್ಟಿ ಅಂಥವರಿಗೆ ಹೆಚ್ಚು ಒಗ್ಗೀತು. ಅಲ್ಲಿ ಸೀಸೆ ಕೊಳ್ಳುವ ಹಂಗಿಲ್ಲ. ಒಂದು ಡಬ್ಬ ಚಕ್ಕುಲಿ ಕೊಟ್ಟರೆ ಮನೆಯವರು ಖುಷಿಪಟ್ಟಾರು.

ಮತ್ತೆ ಆ ದ್ರಾಕ್ಷಿ ತೋಟ. ಬೆಳಿಗ್ಗೆ ಏಳು. ಸರೋವರದ ಮೇಲೆ ಮಂಜು ಇನ್ನೂ ಎದ್ದಿಲ್ಲ. ಗಂಡ ಬಂಡಿಯ ಸುತ್ತ ಒಂದು ಸುತ್ತು ಹಾಕಿ ಮೆಟ್ಟಿಲು ಮಡಿಸಿದೆಯೇ, ಕಿಟಕಿ ಹಾಕಿದೆಯೇ ನೋಡುತ್ತಾನೆ. ಹೆಂಡತಿ ಒಳಗೆ ಚೀಟಿಯೊಂದರಲ್ಲಿ ಬರೆಯುತ್ತಾಳೆ: ಈ ವರ್ಷದ ಏಳನೆಯ ರಾತ್ರಿ, 34 ಡಾಲರ್. ತೋಟದಾತ ಬಳ್ಳಿ ಸವರುವ ಕತ್ತರಿ ಹಿಡಿದು ಹೊರಗೆ ಬಂದವನು ನಿಂತು, ಮುಂದಿನ ಊರಿಗೆ ಹೋಗುವ ದಾರಿಯಲ್ಲಿ ಕೆಳಸೇತುವೆಯೊಂದಿದೆ, ಬಂಡಿಯ ಎತ್ತರ ಎಷ್ಟು ಎಂದು ಕೇಳುತ್ತಾನೆ. ಹನ್ನೆರಡು ಅಡಿ ಎಂದಾಗ ತಲೆಯಾಡಿಸಿ, ಚರ್ಚಿನ ಬಳಿ ಎಡಕ್ಕೆ ತಿರುಗಿ, ಸುತ್ತಾದರೂ ಆ ದಾರಿಯೇ ವಾಸಿ ಎನ್ನುತ್ತಾನೆ.